ಎರವಲು ತಂದ ಚಿಗರಿ

ಆ ವರ್ಷ ನಮ್ಮ ಮೃಗಾಲಯದಲ್ಲಿ ಹುಟ್ಟಿದ ಏಳು ಕೃಷ್ಣಮೃಗದ ಮರಿಗಳಲ್ಲಿ ಆರನ್ನು ನಾನೇ ಕೊಯ್ದು ನೋಡಿದ್ದೆ. ಮೃಗಾಲಯದ ವೈದ್ಯನಿಗೆ ಅದು ದಿನದ ಕೆಲಸ. ಆದರೆ ಒಂದರ ಹಿಂದೊಂದು ಮರಿಯ ಎದೆ ತೆರೆದು, ರೋಗವಿಲ್ಲ, ಗಾಯವಿಲ್ಲ, ಹುಳುವಿಲ್ಲ ಎಂದು ಬರೆಯುವಾಗ ಯಾರಿಗಾದರೂ ತಲೆ ಕೆಡುತ್ತದೆ. ಮರಿಗಳು ಸಣ್ಣಗೆ ಹುಟ್ಟುತ್ತಿದ್ದವು, ಎದ್ದು ನಿಲ್ಲಲು ಒದ್ದಾಡುತ್ತಿದ್ದವು, ವಾರದೊಳಗೆ ಸಾಯುತ್ತಿದ್ದವು. ಕಾರಣ ನನಗೆ ಗೊತ್ತಿತ್ತು. ನಮ್ಮ ಹಿಂಡು ಶುರುವಾದದ್ದು ಒಂದು ಗಂಡು, ಮೂರು ಹೆಣ್ಣಿನಿಂದ. ಇಪ್ಪತ್ತು ವರ್ಷದಿಂದ ಅದೇ ರಕ್ತ ಅದೇ ಬೇಲಿಯೊಳಗೆ ಸುತ್ತುತ್ತಿತ್ತು. ಹೊರಗಿನ ಗಂಡು ಬೇಕೆಂದು ಮೂರು ಸಲ ಬರೆದುಕೊಟ್ಟಿದ್ದೆ. ಮೂರನೆಯದನ್ನು ನಿರ್ದೇಶಕರು ಓದಿದರು.

ಕಾಡಿನಿಂದ ಹಿಡಿಯಲು ಅನುಮತಿ ಸಿಗುವಂತಿರಲಿಲ್ಲ. ಬೇರೆ ಮೃಗಾಲಯಗಳಲ್ಲಿದ್ದವೂ ನಮ್ಮವುಗಳ ನೆಂಟರೇ. ಉಳಿದದ್ದು ಖಾಸಗಿಯವರು. ವನ್ಯಜೀವಿ ಕಾಯ್ದೆ ಬರುವ ಮೊದಲಿನಿಂದ ಸಾಕಿಕೊಂಡು ಬಂದು, ಕಾಯ್ದೆ ಬಂದ ಮೇಲೆ ಪ್ರಮಾಣಪತ್ರ ಪಡೆದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಧಾರವಾಡ ಜಿಲ್ಲೆಯಲ್ಲಿ, ಶಲವಡಿಗೆ ಹತ್ತಿರದ ಒಂದು ಹಳ್ಳಿಯ ಗೌಡರು ಅಂಥವರು. ಅವರ ವಾಡೆಯ ಹಿಂದಿನ ಆವಾರದಲ್ಲಿ ಮೂವತ್ತಕ್ಕೂ ಹೆಚ್ಚು ಕೃಷ್ಣಮೃಗಗಳಿದ್ದವು. ಆ ಕಡೆ ಅದನ್ನು ಚಿಗರಿ ಎನ್ನುತ್ತಾರೆ.

ಗೌಡರು ಕೂಡಲೇ ಒಪ್ಪಿ ಪತ್ರ ಬರೆದರು. ಬದಲಿಗೆ ಏನೂ ಬೇಡ, ಬೇಲಿಯ ಮುಂದೆ ತಮ್ಮ ಮನೆತನದ ಹೆಸರಿನ ಫಲಕವೊಂದು ಇದ್ದರೆ ಸಾಕು ಎಂದಿದ್ದರು. ನಿರ್ದೇಶಕರು ಖುಷಿಯಾಗಿ ನನ್ನ ಕೈಗೆ ಎರಡು ಕಾಗದ ಕೊಟ್ಟರು. ಒಂದು ಆದೇಶ: ತರುವ ಪ್ರಾಣಿಯ ಕಿವಿ, ಕೊಂಬು, ಬಾಲಗಳಲ್ಲಿ ಯಾವುದೇ ಊನ ಇರಕೂಡದು. ಇನ್ನೊಂದು ವಂಶಾವಳಿಯ ನಮೂನೆ: ಪ್ರಾಣಿಯ ತಂದೆ, ತಾಯಿ, ಅಜ್ಜ, ಅಜ್ಜಿ, ಇಬ್ಬದಿಯವರೂ, ದಾಖಲೆ ಸಮೇತ. ನನ್ನ ಸ್ವಂತ ಮುತ್ತಜ್ಜಿಯ ಹೆಸರೇ ನನಗೆ ಗೊತ್ತಿರಲಿಲ್ಲ.

ಹೊರಟದ್ದು ಡಿಸೆಂಬರಿನಲ್ಲಿ. ಚಿಗರಿಯನ್ನು ಸೆಖೆಯಲ್ಲಿ ಹಿಡಿದರೆ ಓಡಿ ಓಡಿ ಮೈ ಕಾದು, ಸ್ನಾಯು ಕೆಟ್ಟು, ಎರಡು ದಿನ ಬಿಟ್ಟು ಸಾಯುತ್ತದೆ. ಆದ್ದರಿಂದ ಚಳಿಗಾಲ, ಅದರಲ್ಲೂ ಬೆಳಗಿನ ಹೊತ್ತು. ಲೆಕ್ಕಾಚಾರವೆಲ್ಲ ಸರಿಯಾಗಿತ್ತು. ಅಣ್ಣಿಗೇರಿ ದಾಟಿದ ಮೇಲೆ ಅಕಾಲದಲ್ಲಿ ಒಂದು ಮಳೆ ಬಂತು. ಎರೆಮಣ್ಣಿನ ದಾರಿಯಲ್ಲಿ ಲಾರಿಯ ಗಾಲಿಗೆ ಮಣ್ಣು ಮೆತ್ತಿ ಮೆತ್ತಿ, ಗಾಲಿಯೂ ಮಡ್‌ಗಾರ್ಡೂ ಒಂದಾಗಿ ನಿಂತುಬಿಟ್ಟಿತು. ಕೋಲಿನಿಂದ ಕೆರೆದೆವು, ಹತ್ತು ಮಾರು ಹೋದೆವು, ಮತ್ತೆ ಕೆರೆದೆವು. ಕೊನೆಗೆ ಎರಡು ಜೋಡಿ ಎತ್ತು ಬಂದು ನಮ್ಮನ್ನು ಎಳೆದುಕೊಂಡು ಹೋದವು. ಸರ್ಕಾರಿ ಮೃಗಾಲಯದ ಲಾರಿ ಊರು ಹೊಕ್ಕದ್ದು ಹಾಗೆ.

ಗೌಡರು ಅರವತ್ತರ ಹತ್ತಿರದವರು, ಅಚ್ಚ ಬಿಳಿ ಧೋತರ, ಹಣೆ ತುಂಬ ವಿಭೂತಿ. ನನ್ನ ಪ್ಯಾಂಟಿನ ಮಣ್ಣು ನೋಡಿ ನಗಲಿಲ್ಲ, ಅದಕ್ಕಾಗಿ ಇಂದಿಗೂ ಅವರ ಮೇಲೆ ಗೌರವವಿದೆ.

“ಬರ್ರಿ ಡಾಕ್ಟರ್ ಸಾಹೇಬ್ರ. ಮೊದ್ಲ ಚಾ ಆಗ್ಲಿ. ಚಿಗರಿ ಎಲ್ಲಿ ಓಡಿ ಹೋಗಂಗಿಲ್ಲ” ಎಂದರು.

ಚಹಾ ಕುಡಿದು ಆವಾರಕ್ಕೆ ಹೋದೆವು. ಆಳೆತ್ತರದ ಕಲ್ಲಿನ ಗೋಡೆ, ಒಳಗೆ ಬೇವಿನ ಮರಗಳು, ಮುಳ್ಳುಬೇಲಿ ಹಾಕಿ ಮಾಡಿದ ನಾಲ್ಕು ಪಾಲು. ಒಂದೊಂದು ಪಾಲಿನಲ್ಲಿ ಒಂದೊಂದು ಗಂಡು, ಜೊತೆಗೆ ಕೆಲವು ಹೆಣ್ಣು. ಮೈ ತುಂಬಿದ ಪ್ರಾಣಿಗಳು, ಹೊಳೆಯುವ ಕೂದಲು, ಓಡಾಡುವ ಮರಿಗಳು. ಅರ್ಧ ನಿಮಿಷ ನನಗೆ ನಿಜವಾಗಿಯೂ ಸಂತೋಷವಾಯಿತು. ಆಮೇಲೆ ಕಿವಿಗಳನ್ನು ನೋಡಿದೆ.

ಹೆಚ್ಚಿನವುಗಳ ಕಿವಿ ಕತ್ತರಿಸಿತ್ತು. ಒಂದರ ಎಡಗಿವಿಯ ತುದಿಯೇ ಇಲ್ಲ. ಇನ್ನೊಂದರ ಬಲಗಿವಿ ನಡುವೆ ಸೀಳಿದೆ. ಮತ್ತೊಂದಕ್ಕೆ ಹಿಂದಂಚಿನಲ್ಲಿ ಕಚ್ಚಿದಂತೆ ಎರಡು ಗುರುತು. ಊನ ಇರಕೂಡದು ಎಂಬ ಆದೇಶ ಜೇಬಿನಲ್ಲಿ ಚುಚ್ಚುತ್ತಿತ್ತು. ಇದನ್ನು ಯಾರು ಮಾಡಿದ್ದು ಎಂದು ಸಿಟ್ಟಿನಿಂದಲೇ ಕೇಳಿದೆ.

“ನಾ ಮಾಡೇನ್ರಿ” ಎಂದಳು, ಬೇವಿನ ಕೆಳಗೆ ಕಡಲೆ ಹೊಟ್ಟು ಕೇರುತ್ತಿದ್ದ ಹೆಂಗಸು. ಐವತ್ತರ ವಯಸ್ಸು, ಗಟ್ಟಿ ಮೈ. ತಲೆಯೆತ್ತಿ ನೋಡಲೂ ಇಲ್ಲ. ಕುರಿ ಕಾಯುವ ಮನೆತನದವಳು, ಗಂಡ ತೀರಿದ ಮೇಲೆ ಹದಿನೈದು ವರ್ಷದಿಂದ ಚಿಗರಿಗಳನ್ನು ನೋಡಿಕೊಳ್ಳುವವಳು ಅವಳೇ ಎಂದು ಗೌಡರು ಹೇಳಿದರು. ಹೇಳುವಾಗ ದನಿ ಸ್ವಲ್ಪ ತಗ್ಗಿಸಿದರು. ಅವಳಿಗೆ ಅವರೂ ಹೆದರುತ್ತಾರೆಂದು ಆಗಲೇ ಗೊತ್ತಾಯಿತು.

ಆದರೆ ಆತಂಕಪಡಬೇಕಿಲ್ಲ, ಕಿವಿ ಸರಿಯಿರುವವೂ ಇವೆ ಎಂದು ಗೌಡರು ನನ್ನನ್ನು ಕೊನೆಯ ಪಾಲಿಗೆ ಕರೆದೊಯ್ದರು. ಅಲ್ಲಿ ನಿಂತಿದ್ದ ಗಂಡು, ಸುಳ್ಳು ಯಾಕೆ ಹೇಳಲಿ, ನಾನು ನೋಡಿದ ಚಿಗರಿಗಳಲ್ಲೇ ಚಂದದ್ದು. ಕಪ್ಪು ಮಿರುಗುವ ಬೆನ್ನು, ನಾಲ್ಕು ತಿರುವಿನ ಕೊಂಬು, ಎರಡೂ ಕಿವಿ ಎಲೆಯಂತೆ ಪೂರ್ತಿ.

“ಮಠಕ್ಕ ಕೊಡೂ ಎತ್ತಿಗೆ ಒಂದ ಕುಂದ ಇರಬಾರದ್ರಿ. ದಾನಾ ಅಂದ್ರ ಹಂಗ. ನಿಮ್ಮ ಪತ್ರದಾಗೂ ಅದನ್ನ ಬರದಾರ. ಇವನ್ನ ಒಯ್ಯಿರಿ” ಎಂದರು ಗೌಡರು.

“ಅವನ್ನ ಬ್ಯಾಡ್ರಿ” ಎಂದಳು ಹಿಂದಿನಿಂದ ಆ ಹೆಂಗಸು. “ಒಯ್ಯೂದಿದ್ರ ಕಿವಿ ಹರದದ್ದನ್ನ ಒಯ್ಯಿರಿ.”

ಗೌಡರು ಅವಳ ಮಾತು ಕೇಳಿಸದವರಂತೆ ಮೇಲೆ ನೋಡಿದರು. ನಾನು ಕೇಳಿಸಿಕೊಂಡೂ ಬಿಟ್ಟುಬಿಟ್ಟೆ. ಆದೇಶ, ದಾನಿಯ ಇಷ್ಟ, ನನ್ನ ಕಣ್ಣು ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಮುಂದಿನ ನಾಲ್ಕು ದಿನ ನಾನು ವಂಶಾವಳಿಯ ಬೆನ್ನು ಹತ್ತಿದೆ. ಗೌಡರ ಬಳಿ ಹಸುಗಳ ಕಡತವಿತ್ತು, ಹೊಲದ ಕಡತವಿತ್ತು, ಮೊಮ್ಮಕ್ಕಳ ಜಾತಕವಿತ್ತು. ಚಿಗರಿಯದಿರಲಿಲ್ಲ. ಪ್ರಮಾಣಪತ್ರದಲ್ಲಿ ಇದ್ದದ್ದು ಬರೀ ತಲೆ ಎಣಿಕೆ. ಆ ಹೆಂಗಸನ್ನು ಕೇಳಿದರೆ “ಬರದಿಲ್ರಿ” ಎನ್ನುವಳು, ಹೊಟ್ಟು ಕೇರುವಳು. ನಮೂನೆಯ ಒಂದು ಅಂಕಣವನ್ನೂ ತುಂಬಲಾಗಲಿಲ್ಲ. ಅಣ್ಣಿಗೇರಿಯ ಅಂಚೆ ಕಚೇರಿಯಿಂದ ನಿರ್ದೇಶಕರಿಗೆ ತಂತಿ ಕೊಟ್ಟೆ: ದಾಖಲೆ ಇಲ್ಲ, ಏನು ಮಾಡಲಿ. ಮರುತಂತಿ ಬಂತು: ದಾಖಲೆ ಸಹಿತ ಬೇಗ ಬನ್ನಿ.

ಇನ್ನು ಪಂಜರದ ಕಥೆ. ಅದು ನಮ್ಮ ಕಚೇರಿಯಲ್ಲೇ ತಯಾರಾದದ್ದು. ಒಳಗೆ ಕತ್ತಲಿರಬೇಕೆಂದು ಗೋಣಿತಟ್ಟು ಹೊಡೆದಿದ್ದರು, ಗಾಳಿಗೆ ಮೇಲೆ ತೂತು ಬಿಟ್ಟಿದ್ದರು, ತಿರುಗಲಾಗದಷ್ಟು ಅಗಲ ಕಡಿಮೆ ಇಟ್ಟಿದ್ದರು. ಎಲ್ಲ ಪುಸ್ತಕದಂತೆ. ಆದರೆ ಎತ್ತರವನ್ನು ನಮ್ಮಲ್ಲಿನ ಒಂದು ಹೆಣ್ಣನ್ನು ನಿಲ್ಲಿಸಿ ಅಳೆದಿದ್ದರು. ಹೆಣ್ಣಿಗೆ ಕೊಂಬಿಲ್ಲ. ಅಣ್ಣಿಗೇರಿಯಿಂದ ಬಡಿಗನನ್ನು ಕರೆಸಿ ಚಾವಣಿಯನ್ನು ಒಂದೂವರೆ ಮೊಳ ಏರಿಸುವುದರಲ್ಲಿ ಎರಡು ದಿನ ಹೋಯಿತು. ಬಡಿಗ ಕೆಲಸ ಮಾಡುತ್ತಲೇ, ಇದನ್ನು ಅಳೆದ ಮಹಾಶಯ ಯಾರು ಎಂದು ನಾಲ್ಕು ಸಲ ಕೇಳಿದ. ನಾಲ್ಕು ಸಲವೂ ನಾನು ಮೊಳೆ ಎತ್ತಿಕೊಟ್ಟೆ.

ಆರನೆಯ ಬೆಳಗ್ಗೆ ಆ ಚಂದದ ಗಂಡನ್ನು ಹಿಡಿದೆವು. ಪಾಲಿನ ಮೂಲೆಗೆ ಬಲೆ ಕಟ್ಟಿ, ಸದ್ದಿಲ್ಲದೆ ಅತ್ತ ಸರಿಸಿದೆವು. ಬಲೆಗೆ ಬಿದ್ದ ಕೂಡಲೇ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ, ಅಮಲಿನ ಚುಚ್ಚುಮದ್ದು ಕೊಟ್ಟು, ಕೊಂಬಿನ ತುದಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿದೆ. ಎಲ್ಲ ಐದು ನಿಮಿಷದೊಳಗೆ. ಗೌಡರು ಗೋಡೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಪಂಜರಕ್ಕೆ ಸೇರಿಸುವ ಮುನ್ನ ಪದ್ಧತಿಯಂತೆ ಮೈಯೆಲ್ಲ ಪರೀಕ್ಷೆ ಮಾಡಿದೆ. ಬಾಯಿ, ಕಣ್ಣು, ಎದೆ, ಕಾಲು, ಗೊರಸು. ಹಿಂಗಾಲ ನಡುವೆ ಕೈ ಹಾಕಿದವನು ನಿಂತೆ. ಮತ್ತೆ ಹಾಕಿ ನೋಡಿದೆ.

ಒಂದೇ ಬೀಜವಿತ್ತು. ಇನ್ನೊಂದು ಹೊಟ್ಟೆಯೊಳಗಿಂದ ಇಳಿದೇ ಇರಲಿಲ್ಲ. ಒಳಸಂಬಂಧದಲ್ಲಿ ಹುಟ್ಟಿದ ಗಂಡುಗಳಲ್ಲಿ ಕಾಣುವ ದೋಷವದು. ಯಾವುದರಿಂದ ಪಾರಾಗಲು ನಾನು ಇಷ್ಟು ದೂರ ಬಂದಿದ್ದೆನೋ ಅದನ್ನೇ ಲಾರಿಗೆ ಹೇರಲು ಹೊರಟಿದ್ದೆ.

“ಏನಾತ್ರಿ?” ಎಂದರು ಗೌಡರು. ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

“ನಾ ಹೇಳಿದ್ದಿಲ್ಲೇನ್ರಿ” ಎಂದಳು ಆ ಹೆಂಗಸು. ಗೆದ್ದ ದನಿಯಲ್ಲ, ಬೇಸತ್ತ ದನಿ. “ನನ್ನ ಮಾತ ಯಾರಿಗಿ ಬೇಕಾಗೇತಿ.”

ಆ ಗಂಡಿಗೆ ಅಮಲಿಳಿಯುವವರೆಗೆ ಕಾದು, ಬಟ್ಟೆ ಬಿಚ್ಚಿ ಬಿಟ್ಟುಬಿಟ್ಟೆ. ಗೌಡರು ಮನೆಯೊಳಗೆ ಹೋದರು. ನಾನು ಬೇವಿನ ಬುಡದಲ್ಲಿ ಅವಳ ಎದುರು ಕುಳಿತೆ. ಮೊದಲ ದಿನವೇ ಕೂರಬೇಕಿತ್ತು.

“ಅದರಲ್ಲಿ ದೋಷ ಇದೆ ಅಂತ ನಿಮಗೆ ಹೇಗೆ ಗೊತ್ತಾಯಿತು?” ಎಂದೆ.

“ಕಿವಿ ನೋಡ್ರಿ. ಕಚ್ಚ ಐತೇನು? ಇಲ್ಲ. ಅಂದ್ರ ಅದಕ್ಕ ಬೆಡಗ ಇಲ್ಲ.”

ಬೆಡಗು ಎಂದರೆ ಆ ಕಡೆ ಜನ ಲಗ್ನದ ಮಾತಿನಲ್ಲಿ ನೋಡುವ ಕುಲದ ಕವಲು. ಒಂದೇ ಬೆಡಗಿನ ಗಂಡು ಹೆಣ್ಣಿಗೆ ಲಗ್ನ ಮಾಡುವುದಿಲ್ಲ. ಅವಳು ಅದನ್ನು ಚಿಗರಿಗಳಿಗೆ ಹಚ್ಚಿದ್ದಳು. ಗೌಡರ ತಂದೆಯ ಕಾಲದಲ್ಲಿ ನವಲಗುಂದದ ಕಡೆಯ ಹೊಲದಲ್ಲಿ ಸಿಕ್ಕ ಒಂದು ತಬ್ಬಲಿ ಹೆಣ್ಣುಮರಿಯ ಸಂತತಿಗೆ ಎಡಗಿವಿಯ ತುದಿ ಕತ್ತರಿಸುತ್ತಿದ್ದಳು. ಯರಗುಪ್ಪಿಯಿಂದ ಬಂದ ಹೆಣ್ಣಿನ ಸಂತತಿಗೆ ಬಲಗಿವಿ ಸೀಳು. ಮನೆಯ ಹಳೆಯ ಹಿಂಡಿನವಕ್ಕೆ ಹಿಂದಂಚಿನಲ್ಲಿ ಎರಡು ಕಚ್ಚು. ಹುಟ್ಟಿದ ಮೂರನೆಯ ದಿನ, ಕುರಿ ತುಪ್ಪಟ ಕತ್ತರಿಸುವ ಕತ್ತರಿಯಿಂದ, ಅರಿಸಿನ ಹಚ್ಚಿ. ಅವಳ ಮಾವ ಕುರಿಗಳಿಗೆ ಮಾಡುತ್ತಿದ್ದದ್ದು ಇದನ್ನೇ.

“ನಮ್ಮೊಳಗ ಅಪ್ಪನ ಬೆಡಗ. ಇವಕ್ಕ ಅವ್ವನ ಬೆಡಗ. ಇವುಗಳ ಅಪ್ಪ ಯಾರಂತ ಯಾರ ಆಣಿ ಮಾಡಾವ್ರು?”

“ಹಾಗಾದರೆ ಕಚ್ಚು ಇಲ್ಲದವು?”

“ಅವ್ವ ಮಗಾ ಕೂಡಿ ಹುಟ್ಟಿದ್ದು, ಅಪ್ಪ ಮಗಳು ಕೂಡಿ ಹುಟ್ಟಿದ್ದು. ಅಂಥಾದಕ್ಕ ನಾ ಕತ್ತರಿ ಹಚ್ಚಂಗಿಲ್ಲ. ಕುರಿಯಾಗಾದ್ರ ಸಂತಿಗೆ ಹೊಡದ ಬಿಡತಿದ್ವಿ. ಇಲ್ಲಿ ಗೌಡ್ರು ಮಾರೂದಿಲ್ಲ.”

“ನಾಲ್ಕು ಪಾಲು ಮಾಡಿದ್ದೀರಲ್ಲ, ಅವು ಹೇಗೆ ಕೂಡಿದವು?”

ಅವಳು ವಾಡೆಯ ಕಡೆ ನೋಡಿದಳು. “ದೊಡ್ಡ ಮಂದಿ ಬರ್ತಾರಲ್ರಿ ನೋಡಾಕ. ಬೇಲಿ ಅಡ್ಡ ಆಕ್ಕೇತಿ ಅಂತ ಗೌಡ್ರು ಬಾಗಲಾ ಎಲ್ಲಾ ತೆರಸ್ತಾರ. ಚಂದ ಇರೂದನ್ನ ನಡಬರಕ ನಿಂದ್ರಸ್ತಾರ. ಬಂದಾವ್ರು ಚಾ ಕುಡದ ಹೋಗ್ತಾರ. ಇವು ಆರ ತಿಂಗಳಿಗಿ ಈಯ್ತಾವ.”

ನಾನು ಚೀಲದಿಂದ ನಮೂನೆ ತೆಗೆದೆ. ಅವಳು ಒಂದೊಂದೇ ಪ್ರಾಣಿ ತೋರಿಸಿ ಕಿವಿ ಓದುತ್ತ ಹೋದಳು. ಇದರ ತಾಯಿ ಅದು, ಅದರ ತಾಯಿ ಸತ್ತ ವರ್ಷ ಇಂಥದ್ದು, ಆ ಪಾಲಿನಲ್ಲಿ ಆಗ ಇದ್ದ ಗಂಡು ಇಂಥದ್ದು. ನಾಲ್ಕು ದಿನ ಹುಡುಕಿದ ದಾಖಲೆ ಮೂವತ್ತು ತಲೆಗಳ ಮೇಲೆ ಅಲ್ಲಾಡುತ್ತ ಕಡಲೆ ಹೊಟ್ಟು ತಿನ್ನುತ್ತಿತ್ತು. ಅದನ್ನೇ ನಾನು ಊನ ಎಂದಿದ್ದೆ. ನಾಚಿಕೆಯಾಯಿತು. ಮಧ್ಯಾಹ್ನದೊಳಗೆ ಅಂಕಣಗಳೆಲ್ಲ ತುಂಬಿದವು.

ನನಗೆ ಬೇಕಾದ ಗಂಡು ಯರಗುಪ್ಪಿ ಬೆಡಗಿನದು. ಬಲಗಿವಿ ಸೀಳಿತ್ತು, ಸಾಲದ್ದಕ್ಕೆ ಕಾದಾಡಿ ಒಂದು ಕೊಂಬಿನ ತುದಿ ಮುರಿದುಕೊಂಡಿತ್ತು. ಆದರೆ ಅದರ ಮರಿಗಳು ಒಂದೂ ಸತ್ತಿರಲಿಲ್ಲ. ಸಂಜೆ ಗೌಡರಿಗೆ ಹೇಳಿದೆ.

“ಇನ್ನೊಂದ ಐತಲ್ರಿ ಕಿವಿ ಚೊಲೊ ಇರೂದು, ಅದನ್ನ ಒಯ್ಯಿರಿ” ಎಂದರು.

“ಅದೂ ಅದೇ ಜಾತಿಯದು ಗೌಡರೆ. ನನಗೆ ಬೇಕಾದದ್ದು ಬದುಕುವ ಮರಿ.”

“ನಮ್ಮ ಮನಿ ಹೆಸರ ಬರದು, ಬಾಜೂಕ ಕಿವಿ ಹರದ, ಕೊಂಬ ಮುರದ ಚಿಗರಿ ನಿಂದ್ರಸ್ತೀರೇನು? ಮಂದಿ ಏನಂದಾರು?”

ಆ ಹೊತ್ತಿಗೆ ನನ್ನ ತಾಳ್ಮೆ ಪೂರ್ತಿ ಮುಗಿದಿತ್ತು. ಹಾಗಾದರೆ ಹೆಸರು ಬರೆಯುವುದು ಬೇಡ ಎಂದೆ. ಅವರು “ಬ್ಯಾಡ ಹಂಗಾರ. ಒಯ್ಯಿರಿ” ಎಂದರು. ಅವರಿಗೆ ನೋವಾಯಿತೆಂದು ಗೊತ್ತು. ಬೆಳಗಿನಿಂದ ಎರಡನೆಯ ಸಲ.

ಇನ್ನು ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಈಗ ಆ ಹೆಂಗಸು ಅಡ್ಡ ನಿಂತಳು.

“ದಾನಾ ಅಂತ ಒಯ್ಯಬ್ಯಾಡ್ರಿ. ನಾವು ಟಗರ ದಾನಾ ಕೊಡಂಗಿಲ್ಲ. ಕಡಾ ಕೊಡತೀವಿ. ಒಬ್ರ ಹಿಂಡಿನಾಗ ಎರಡ ವರ್ಷ ಇರತೈತಿ, ಆಮ್ಯಾಲ ತಿರುಗಿ ಬರತೈತಿ. ಬಂದಿಲ್ಲಂದ್ರ ತನ್ನ ಮಗಳನ್ನ ತಾನ ಹಾಯತೈತಿ. ಕೊಟ್ಟಾವ್ರಿಗೂ ಕೇಡು, ತಗೊಂಡಾವ್ರಿಗೂ ಕೇಡು.”

ಕಡ ಎಂದರೆ ಎರವಲು. ಕುರಿಯವರ ಹಿಂಡುಗಳು ಹಾಳಾಗದೆ ಉಳಿದದ್ದು ಹೀಗೆ, ಗಂಡುಗಳು ಊರೂರು ತಿರುಗುವುದರಿಂದ. ನಮ್ಮ ನಮೂನೆಯಲ್ಲಿ ಖರೀದಿ, ವಿನಿಮಯ, ದಾನ ಎಂಬ ಮೂರು ಅಂಕಣಗಳಿದ್ದವು. ಎರವಲು ಎಂಬುದಿರಲಿಲ್ಲ. ಎರಡು ವರ್ಷಕ್ಕೆ ತಂದು ಬಿಡುತ್ತೇನೆ ಎಂದೆ.

“ನೀವ ಹೇಳತೀರೋ, ನಿಮ್ಮ ಸಾಹೇಬ್ರು ಹೇಳತಾರೋ?”

“ನಾನು ಹೇಳುತ್ತೇನೆ.”

ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ದಾನ ಎಂಬ ಅಂಕಣಕ್ಕೆ ಗುರುತು ಹಾಕಿ, ಅಂಚಿನಲ್ಲಿ ‘ಎರಡು ವರ್ಷದ ನಂತರ ಹಿಂದಿರುಗಿಸತಕ್ಕದ್ದು’ ಎಂದು ಬರೆದು ಓದಿ ಹೇಳಿದೆ. ಗೌಡರು ಸಹಿ ಹಾಕಿದರು.

ಬಲೆ ಬೇಡ ಎಂದವಳೂ ಅವಳೇ. ಪಂಜರವನ್ನು ಆ ಗಂಡಿನ ಪಾಲಿನಲ್ಲಿ ಎರಡೂ ಬಾಗಿಲು ತೆರೆದು ಇಡಿಸಿ, ಒಳಗೆ ಹಸಿ ಕಡಲೆಗಿಡ ಹಾಕಿದಳು. ಮೊದಲ ದಿನ ಅದು ದೂರ ನಿಂತು ಕಾಲು ಕೆರೆಯಿತು. ಮೂರನೆಯ ದಿನ ಕುತ್ತಿಗೆ ಒಳಗಿಟ್ಟಿತು. ನಿರ್ದೇಶಕರ ತಂತಿಗಳು ಬರುತ್ತಲೇ ಇದ್ದವು, ನಾನು ಉತ್ತರಿಸುವುದನ್ನು ಬಿಟ್ಟೆ. ಎಂಟನೆಯ ಬೆಳಗ್ಗೆ ಅದು ಪೂರ್ತಿ ಒಳಗೆ ಹೋಗಿ ಕಡಲೆ ಮೇಯುತ್ತಿರುವಾಗ ಹಿಂದಿನ ಬಾಗಿಲನ್ನು ಅವಳು, ಮುಂದಿನದನ್ನು ನಾನು ಇಳಿಸಿದೆವು. ಅದು ಒಮ್ಮೆ ಗೋಣೆತ್ತಿ, ಮತ್ತೆ ಮೇಯತೊಡಗಿತು. ಅಮಲಿನ ಮದ್ದಿನ ಪೆಟ್ಟಿಗೆ ತೆರೆಯಲೇ ಇಲ್ಲ.

ಲಾರಿ ಹೊರಡುವಾಗ ಅವಳು ಪಂಜರದ ಮೇಲೆ ಕೈಯಿಟ್ಟು, “ನೆನಪ ಇರಲಿ ತಮ್ಮಾ” ಎಂದಳು. ಚಿಗರಿಗೋ ನನಗೋ ಎಂದು ಅನುಮಾನವೇನಿರಲಿಲ್ಲ.

ನಿರ್ದೇಶಕರು ಕಿವಿ ನೋಡಿದರು, ಕೊಂಬು ನೋಡಿದರು, ನನಗೆ ನೋಟಿಸು ಕೊಟ್ಟರು. ಆದೇಶ ಉಲ್ಲಂಘನೆ. ನಾನು ನಾಲ್ಕು ಪುಟದ ಉತ್ತರ ಬರೆದೆ. ಹೊರಗಿನ ಬೇರೆ ಗಂಡು ಸಿಗದ್ದರಿಂದ ಕೊನೆಗೆ ನಮ್ಮ ಗಂಡುಗಳನ್ನು ತೆಗೆದು ಅದನ್ನೇ ಹಿಂಡಿಗೆ ಬಿಟ್ಟರು. ಮುಂದಿನ ವರ್ಷ ಆರು ಮರಿ ಹುಟ್ಟಿದವು. ಆರೂ ಬದುಕಿದವು. ಮೂರನೆಯ ದಿನವೇ ಅವು ನನ್ನನ್ನು ಕಂಡು ನೆಗೆದು ಓಡುತ್ತಿದ್ದವು. ಕತ್ತರಿ ಹಿಡಿದು ಅವುಗಳ ಹಿಂದೆ ಓಡುವಾಗ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಹೌದು, ನಮ್ಮ ಹೆಣ್ಣುಗಳ ಮೂರು ಕವಲಿಗೆ ಮೂರು ಕಚ್ಚು ಗೊತ್ತು ಮಾಡಿಕೊಂಡಿದ್ದೆ. ಅದಕ್ಕೂ ಒಂದು ನೋಟಿಸು ಬಂತು.

ಎರಡು ವರ್ಷ ತುಂಬುವ ಮೊದಲೇ ಹಿಂದಿರುಗಿಸುವ ಪತ್ರ ಇಟ್ಟೆ. ಕಚೇರಿಯ ಉತ್ತರ: ದಾನವಾಗಿ ಬಂದ ಪ್ರಾಣಿ ಸರ್ಕಾರದ್ದು, ಖಾಸಗಿಯವರಿಗೆ ಕೊಡಲು ಅವಕಾಶವಿಲ್ಲ, ಅಂಚಿನ ಬರಹಕ್ಕೆ ಮಾನ್ಯತೆಯಿಲ್ಲ. ಅವರಿಂದ ನಾವು ತರಬಹುದು, ನಾವು ಕೊಡುವಂತಿಲ್ಲ. ಸಹಕಾರ ಎಂದು ಕಡತದ ಮೇಲೆ ಬರೆದಿತ್ತು. ಹಾಗಾದರೆ ನಡುವೆ ಬೇಲಿ ಹಾಕಿ ಪಾಲನ್ನಾದರೂ ಮಾಡಿಕೊಡಿ, ಅದರ ಮಗಳಂದಿರನ್ನು ಬೇರೆ ಇಡುತ್ತೇನೆ ಎಂದೆ. ಅದಕ್ಕೂ ಉತ್ತರ ಬಂತು. ನೋಡಲು ಬರುವವರಿಗೆ ಬೇಲಿ ಅಡ್ಡವಾಗುತ್ತದಂತೆ.

ಅವಳಿಗೆ ಬರೆಯುವುದನ್ನು ತಿಂಗಳುಗಟ್ಟಲೆ ಮುಂದೂಡಿದೆ. ಕೊನೆಗೆ ಅವಳೇ ಯಾರಿಂದಲೋ ಬರೆಸಿದ ಕಾರ್ಡು ಬಂತು. ‘ಚಿಗರಿ ಇನ್ನೂ ಬಂದಿಲ್ಲ. ಅದರ ಪಾಲ ಖಾಲಿ ಇಟ್ಟೇನಿ. ನೀವು ಕಳಸದಿದ್ರ ನಿಮ್ಮಲ್ಲೂ ಕಿವಿ ಚೊಲೊ ಇರೂ ಮರಿ ಹುಟ್ಟತಾವ.’

ಅದಾದ ಮರುವರ್ಷದ ಮಾತು. ಆ ಗಂಡಿನ ಮಗಳೊಬ್ಬಳು ಈದಿದ್ದಳು. ಮೂರನೆಯ ದಿನ ಕತ್ತರಿ, ಅರಿಸಿನ ಹಿಡಿದು ಒಳಗೆ ಹೋದೆ. ಮರಿ ಹುಲ್ಲಿನ ಮೇಲೆ ಮಲಗಿತ್ತು, ನನ್ನನ್ನು ಕಂಡು ಏಳಲಿಲ್ಲ. ಎತ್ತಿಕೊಂಡೆ, ಹಗುರವಾಗಿತ್ತು. ಎರಡೂ ಕಿವಿಯನ್ನು ಬೆರಳಿನಿಂದ ಸವರಿ ನೋಡಿದೆ. ಆಮೇಲೆ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು, ಮರಿಯನ್ನು ಅದರ ತಾಯಿಯ ಹತ್ತಿರ ಇಟ್ಟು ಬಂದೆ.